ಒಳಗೋ ಹೊರಗೋ: ಪಣದ ಲೆಕ್ಕ

ದೀಪಾವಳಿಯೋ ಯುಗಾದಿಯೋ ಯಾವುದಾದರೊಂದು ಜಾತ್ರೆಯೋ ಮುಗಿದ ಮೇಲೆ ನಮ್ಮ ಕಡೆಯ ಪತ್ರಿಕೆಗಳ ಒಳಪುಟ ತೆರೆದು ನೋಡಿ. ಒಂದು ಸಣ್ಣ ಸುದ್ದಿ ಕಣ್ಣಿಗೆ ಬೀಳುವುದುಂಟು. ಇಂಥ ಊರಿನ ತೋಟದಲ್ಲಿ ಅಂದರ್ ಬಾಹರ್ ಆಡುತ್ತಿದ್ದ ಇಷ್ಟು ಜನರನ್ನು ಪೊಲೀಸರು ಹಿಡಿದರು. ಪಣಕ್ಕಿಟ್ಟಿದ್ದ ಇಷ್ಟು ಹಣ, 52 ಇಸ್ಪೀಟು ಎಲೆ, ನೆಲಕ್ಕೆ ಹಾಸಿದ್ದ ಒಂದು ಹಳೆಯ ಪೇಪರು ವಶ. ಎಲೆಗಳನ್ನು ಎಣಿಸಿರುತ್ತಾರೆ, ನೋಟುಗಳನ್ನು ಎಣಿಸಿರುತ್ತಾರೆ, ಮನುಷ್ಯರನ್ನೂ ಎಣಿಸಿರುತ್ತಾರೆ. ಆ ಹಣ ಯಾವ ಮನೆಯ ಯಾವ ಡಬ್ಬಿಯಿಂದ ಎದ್ದು ಬಂದದ್ದು ಎಂಬ ಲೆಕ್ಕ ಮಾತ್ರ ಆ ಸುದ್ದಿಯಲ್ಲಿ ಇರುವುದಿಲ್ಲ.

ಆ ಲೆಕ್ಕ ಗೊತ್ತಿರುವವರು ನಾವು, ಹೆಂಗಸರು. ಆದರೆ ಆಟದ ಲೆಕ್ಕ ನಮಗೆ ಗೊತ್ತಿರುವುದಿಲ್ಲ. ಇಸ್ಪೀಟಿನ ವಿಷಯ ಗಂಡಸರದು, ಅದನ್ನು ತಿಳಿಯದಿರುವುದೇ ಮರ್ಯಾದೆ ಎಂದು ನಮ್ಮನ್ನು ಬೆಳೆಸಿದ್ದಾರೆ. ನಾನು ಸಖರಾಯಪಟ್ಟಣದ ಕಡೆ ಸಮಾಜ ವಿಜ್ಞಾನ ಪಾಠ ಮಾಡುತ್ತ ಬಂದವಳು. ಯುದ್ಧಗಳ ಇಸವಿ, ರಾಜರ ವಂಶಾವಳಿ ಎಲ್ಲವನ್ನೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಮನೆಗಳನ್ನೇ ಮುಳುಗಿಸಿದ ಒಂದು ಆಟಕ್ಕೂ ಚರಿತ್ರೆ ಇದೆ, ನಿಯಮಗಳಿವೆ, ಅದರ ಸುತ್ತ ಕಾನೂನು ಇದೆ. ಅದನ್ನು ನಾವು ತಿಳಿದುಕೊಂಡರೆ ತಪ್ಪೇನು ಅನ್ನಿಸಿ ಈ ಬರಹಕ್ಕೆ ಕೂತಿದ್ದೇನೆ.

ಮೊದಲು ಆಟವನ್ನೇ ಹೇಳಿಬಿಡುತ್ತೇನೆ. ಅದು ಎಷ್ಟು ಸುಲಭವೆಂದರೆ ಒಂದನೆಯ ತರಗತಿಯ ಮಗುವೂ ಆಡಬಹುದು. 52 ಎಲೆಗಳ ಒಂದು ಕಟ್ಟು. ಎಲೆ ಹಾಕುವವನು ಕಟ್ಟನ್ನು ಕಲಸಿ, ಮತ್ತೊಬ್ಬನಿಂದ ಕಟ್ ಮಾಡಿಸಿ, ಒಂದು ಎಲೆಯನ್ನು ಎಲ್ಲರಿಗೂ ಕಾಣುವಂತೆ ನಡುವೆ ಇಡುತ್ತಾನೆ. ಅದಕ್ಕೆ ಜೋಕರ್ ಎಂದು ಹೆಸರು. ಅದು ಏಳು ಎಂದಿಟ್ಟುಕೊಳ್ಳಿ. ಎಲೆ ಹಾಕುವವನ ಒಂದು ಪಕ್ಕ ಒಳಗೆ, ಅಂದರೆ ಅಂದರ್; ಇನ್ನೊಂದು ಪಕ್ಕ ಹೊರಗೆ, ಅಂದರೆ ಬಾಹರ್. ಮುಂದಿನ ಏಳು ಯಾವ ಪಕ್ಕಕ್ಕೆ ಬೀಳುತ್ತದೆ ಎಂದು ಸುತ್ತ ಕೂತವರು ಹಣ ಕಟ್ಟುತ್ತಾರೆ. ಆಮೇಲೆ ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಎಂದು ಹಾಕುತ್ತ ಹೋಗುವುದು. ಇಸ್ಪೀಟೋ ಆಟೀನೋ ಡೈಮಂಡೋ ಕಳಾವರೋ, ಯಾವುದಾದರೂ ಸರಿ, ಏಳು ಬಿದ್ದ ಪಕ್ಕ ಗೆದ್ದಿತು. ಇನ್ನೊಂದು ಪಕ್ಕದ ಹಣ ಹೋಯಿತು. ಮೊದಲ ಎಲೆ ಯಾವ ಪಕ್ಕಕ್ಕೆ ಎಂಬುದಕ್ಕೂ ಪದ್ಧತಿ ಇದೆ. ಹಲವು ಕಡೆ ಜೋಕರ್ ಕಪ್ಪಾಗಿದ್ದರೆ ಒಳಗಿನಿಂದ, ಕೆಂಪಾಗಿದ್ದರೆ ಹೊರಗಿನಿಂದ ಶುರು ಮಾಡುತ್ತಾರೆ.

ಇಷ್ಟೇ ಆಟ. ಇದರಲ್ಲಿ ಆಡುವವನು ಮಾಡುವ ಕೆಲಸ ಒಂದೇ, ಹಣ ಇಡುವುದು. ಒಂದು ಎಲೆಯನ್ನೂ ಅವನು ಕೈಯಲ್ಲಿ ಹಿಡಿಯುವುದಿಲ್ಲ, ಯಾವುದನ್ನೂ ಬಿಸಾಡುವುದಿಲ್ಲ, ಏನನ್ನೂ ನೆನಪಿಡಬೇಕಾಗಿಲ್ಲ. ತಮಿಳರು ಇದನ್ನು ಮಂಗಾತ್ತ ಎನ್ನುತ್ತಾರೆ. ಹೆಸರು ಬೇರೆಯಾದರೂ ದಕ್ಷಿಣದ ಹಳ್ಳಿಗಳಲ್ಲೆಲ್ಲ ಆಟದ ಹುರುಳು ಒಂದೇ.

ಜೂಜು ನಮ್ಮಲ್ಲಿ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನೊಬ್ಬನ ಗೋಳಿನ ಸೂಕ್ತವಿದೆ. ಹೆಂಡತಿ ಅವನನ್ನು ದೂರ ತಳ್ಳುತ್ತಾಳೆ, ಅತ್ತೆ ಅವನನ್ನು ಕಂಡರೆ ಸಿಡಿಯುತ್ತಾಳೆ, ಸಾಲಗಾರರಿಗೆ ಹೆದರಿ ರಾತ್ರಿಯ ಹೊತ್ತು ಬೇರೆಯವರ ಮನೆ ಸೇರುತ್ತಾನೆ. ಕೊನೆಗೆ ಅವನಿಗೆ ಸಿಗುವ ಬುದ್ಧಿಮಾತು, ದಾಳ ಬಿಟ್ಟು ಹೊಲ ಉಳು ಎಂದು. ಮೂರು ಸಾವಿರ ವರ್ಷಗಳ ಹಿಂದಿನ ಮಾತು. ಓದಿದರೆ ಪಕ್ಕದ ಬೀದಿಯ ಸಂಸಾರದ ಹಾಗೆ ಕೇಳಿಸುತ್ತದೆ.

ನಮ್ಮ ಹಬ್ಬವೂ ಆಟವನ್ನು ಬಿಟ್ಟಿಲ್ಲ. ನಾವು ಬಲಿಪಾಡ್ಯಮಿ ಎಂದು ಆಚರಿಸುವ ದಿನಕ್ಕೆ ಶಾಸ್ತ್ರದಲ್ಲಿ ದ್ಯೂತ ಪ್ರತಿಪದೆ ಎಂಬ ಹೆಸರೂ ಇದೆ. ಅಂದು ಶಿವಪಾರ್ವತಿಯರು ಪಗಡೆಯಾಡಿದರಂತೆ, ಪಾರ್ವತಿ ಗೆದ್ದಳಂತೆ. ದೀಪಾವಳಿಯಲ್ಲಿ ಎಲೆ ಹಿಡಿದು ಕೂರುವ ಗಂಡಸರಿಗೆ ಈ ಕಥೆಯ ಮೊದಲರ್ಧ ಚೆನ್ನಾಗಿ ನೆನಪಿರುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಅರಮನೆಯ ವಿನೋದಗಳ ನಡುವೆ ದಾಳದ ಆಟ, ಕವಡೆಯ ಆಟಗಳ ವಿವರಣೆ ಬರುತ್ತದೆ. ಎಲೆಯಾಟ ಬಂದದ್ದು ಆಮೇಲೆ. ಮೊಗಲರ ಬಾಬರ್ 1527ರಲ್ಲಿ ಸಿಂಧ್ ಕಡೆಯ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳಿಸಿದ ಸಂಗತಿ ಅವನ ಆತ್ಮಕಥೆಯಲ್ಲಿದೆ. ಅವು ನಾವು ಕಾಣುವ ಉದ್ದದ ಎಲೆಗಳಲ್ಲ, ದುಂಡನೆಯ ಬಿಲ್ಲೆಗಳು.

ಆ ಗಂಜೀಫಾ ಮೈಸೂರಿಗೆ ಬಂದು ನಮ್ಮದೇ ಆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಟಗಳೆಂದರೆ ಪ್ರಾಣ. ಚದುರಂಗದ ಹೊಸ ಹೊಸ ಮನೆಗಳನ್ನು ಕಟ್ಟಿದ ಹಾಗೆಯೇ ಅವರು ಚದ ಎಂಬ ಎಲೆಯಾಟಗಳನ್ನು ರೂಪಿಸಿ, ದೇವತೆಗಳ ಚಿತ್ರಗಳಿಂದ ಎಲೆಗಳನ್ನು ಬರೆಸಿದರು. ಅವುಗಳಲ್ಲಿ ಕೆಲವು ಕಟ್ಟುಗಳಿಗೆ 300ಕ್ಕೂ ಹೆಚ್ಚು ಎಲೆ. ದಶಾವತಾರ ಗಂಜೀಫಾ ಎಂಬುದರಲ್ಲಿ ಹತ್ತು ಅವತಾರಗಳಿಗೆ ಹನ್ನೆರಡು ಹನ್ನೆರಡರಂತೆ 120 ಎಲೆ. ಹಗಲಿನಲ್ಲಿ ಆಡಿದರೆ ರಾಮನ ಎಲೆಯಿಂದ, ರಾತ್ರಿ ಆಡಿದರೆ ಕೃಷ್ಣನ ಎಲೆಯಿಂದ ಆಟ ಶುರು. ಬಿದ್ದ ಎಲೆಗಳನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡವನೇ ಅಲ್ಲಿ ಗೆಲ್ಲುವವನು. ಅಂದರ್ ಬಾಹರ್‌ಗೂ ಗಂಜೀಫಾಗೂ ಇರುವ ವ್ಯತ್ಯಾಸ ಇದೇ. ಒಂದರಲ್ಲಿ ತಲೆಗೆ ಕೆಲಸವಿದೆ. ಇನ್ನೊಂದರಲ್ಲಿ ಜೇಬಿಗೆ ಮಾತ್ರ ಕೆಲಸ.

ನಮ್ಮ ಮನೆಗಳ ಹೆಂಗಸರೂ ಆಡುತ್ತಿದ್ದರು. ಚೌಕಾಬಾರ, ಅಳಗುಳಿಮಣೆ, ಪಗಡೆ. ಪಣ ಹುಣಸೆಬೀಜ. ಒಬ್ಬಳು ಸೋತು ಬರಿದಾದರೆ ಪಕ್ಕದವಳು ಹಿಡಿ ಬೀಜ ಸಾಲ ಕೊಡುತ್ತಿದ್ದಳು. ಕತ್ತಲಾಗುತ್ತಲೇ ಗೆದ್ದವಳ ಬೀಜ, ಸೋತವಳ ಬೀಜ ಎಲ್ಲವೂ ಒಂದೇ ಡಬ್ಬಿಗೆ. ಅಲ್ಲಿಗೆ ಚುಕ್ತಾ. ನಮ್ಮ ಅಜ್ಜಿಯಂದಿರು ಕಂಡುಕೊಂಡಿದ್ದ ಈ ಚುಕ್ತಾ ಪದ್ಧತಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಹಣ ಕಟ್ಟಿ ಆಡುವ ಕಡೆ ಮಾತು ಬೇರೆ. ಅಲ್ಲಿ ಒಳಗೆ ಕಟ್ಟಿದವರು, ಹೊರಗೆ ಕಟ್ಟಿದವರು ಎಂದು ಎರಡೇ ಪಂಗಡ ಕಂಡರೂ ಮೂರನೆಯವನೊಬ್ಬ ಇರುತ್ತಾನೆ. ಜಾಗ ಕೊಟ್ಟವನು, ಎಲೆ ತಂದವನು, ಬೆಳಕು ಹಚ್ಚಿದವನು. ಗೆದ್ದವರ ಹಣದಲ್ಲಿ ಅವನಿಗೊಂದು ಪಾಲು. ಈ ಪಾಲಿಗೂ ದೊಡ್ಡ ಚರಿತ್ರೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿಯ ಕೆಲಸಗಳನ್ನು ಪಟ್ಟಿ ಮಾಡಲಾಗಿದೆ. ಜೂಜು ಒಂದೇ ಕಡೆ ನಡೆಯಬೇಕು, ದಾಳಗಳು ಸಾಚಾ ಆಗಿರಬೇಕು, ಮೋಸ ಮಾಡಿದವನಿಗೆ ದಂಡ ಹಾಕಬೇಕು. ಗೆದ್ದ ಹಣದಲ್ಲಿ ನೂರಕ್ಕೆ ಐದು ಅಧ್ಯಕ್ಷನು ವಸೂಲು ಮಾಡಬೇಕು. ಅದಲ್ಲದೆ ದಾಳದ ಬಾಡಿಗೆ, ನೀರಿನ ಹಣ, ಜಾಗದ ಬಾಡಿಗೆ ಬೇರೆ. ಈ ಗ್ರಂಥದ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಶಾಲೆಯಲ್ಲಿ ಇಷ್ಟನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ನೂರಕ್ಕೆ ಐದು ಎಂದರೇನು ಎಂದು ಲೆಕ್ಕ ಹಾಕಿ ನೋಡಿದರೆ ಪಾಠಕ್ಕೆ ಜೀವ ಬರುತ್ತದೆ.

ಲೆಕ್ಕ ಹಾಕೋಣ. ಹತ್ತು ಜನ ಕೂತಿದ್ದಾರೆ, ಒಬ್ಬೊಬ್ಬರ ಜೇಬಿನಲ್ಲಿ ಸಾವಿರ ರೂಪಾಯಿ. ಒಟ್ಟು 10,000. ಪ್ರತಿ ಆಟಕ್ಕೂ ಒಬ್ಬೊಬ್ಬರು ನೂರು ಕಟ್ಟುತ್ತಾರೆ. ಐವರು ಒಳಗೆ, ಐವರು ಹೊರಗೆ. ಗೆದ್ದ ಐವರಿಗೆ ಸೋತವರ 500 ರೂಪಾಯಿ ಹೋಗಬೇಕು. ಜಾಗದವನು ಅದರಲ್ಲಿ ಐದು ಪಾಲು, ಅಂದರೆ 25 ರೂಪಾಯಿ ಮುರಿದುಕೊಂಡ ಎನ್ನಿ. ಯಾರಿಗೂ ನೋವಾಗುವುದಿಲ್ಲ, ಗೆದ್ದವನು ಖುಷಿಯಾಗಿಯೇ ಕೊಡುತ್ತಾನೆ. ಆದರೆ ನೂರು ಆಟವಾಗುವಷ್ಟರಲ್ಲಿ 2,500 ರೂಪಾಯಿ ಆ ವೃತ್ತದಿಂದ ಎದ್ದು ಹೋಗಿರುತ್ತದೆ. ಹತ್ತು ಜನರ ಜೇಬನ್ನೂ ಕೂಡಿಸಿದರೆ ಉಳಿಯುವುದು 7,500. ಇದೇ ಗತಿಯಲ್ಲಿ ನಾನೂರು ಆಟವಾದರೆ ಏನೂ ಉಳಿಯುವುದಿಲ್ಲ. ಸರಾಸರಿ 13 ಎಲೆ ಬೀಳುವಷ್ಟರಲ್ಲಿ ಒಂದು ಆಟ ಮುಗಿಯುತ್ತದೆ. ಒಂದು ನಿಮಿಷದ ಮಾತು. ನೂರು ಆಟಕ್ಕೆ ಎರಡು ಗಂಟೆ ಸಾಕು. ಒಳಗೆ ಕಟ್ಟಿದವನೂ ಹೊರಗೆ ಕಟ್ಟಿದವನೂ ಒಬ್ಬರನ್ನೊಬ್ಬರು ಎದುರಾಳಿ ಎಂದುಕೊಂಡಿರುತ್ತಾರೆ. ಅವರಿಬ್ಬರ ಹಣವನ್ನೂ ಹೀರುವವನು ಆಡದೆ ಕೂತಿರುತ್ತಾನೆ.

ಅದೃಷ್ಟದ ಒಳಗೂ ಒಂದು ಲೆಕ್ಕವಿದೆ ಎಂಬುದನ್ನು ನಮ್ಮ ಹಿರಿಯರು ಅರಿಯದವರಲ್ಲ. ನಳನ ಕಥೆಯಲ್ಲಿ ಋತುಪರ್ಣ ರಾಜ ಓಡುವ ರಥದಿಂದಲೇ ಒಂದು ತಾರೆಮರವನ್ನು ನೋಡಿ ಅದರ ಎಲೆಕಾಯಿಗಳ ಸಂಖ್ಯೆ ಹೇಳಿಬಿಡುತ್ತಾನೆ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ನಳ ಅವನಿಂದ ಕಲಿಯುವ ಅಕ್ಷಹೃದಯ ಎಂಬ ವಿದ್ಯೆ ಈ ಎಣಿಕೆಯ ವಿದ್ಯೆಗೆ ಜೋಡಿಯಾದದ್ದು. ಅಂದರ್ ಬಾಹರ್‌ನ ಅಕ್ಷಹೃದಯ ಹೀಗಿದೆ. ನಡುವೆ ಏಳು ಇಟ್ಟ ಮೇಲೆ 51 ಎಲೆ ಉಳಿಯುತ್ತವೆ, ಅದರಲ್ಲಿ ಮೂರು ಏಳು. ಮೊದಲ ಎಲೆ ಬೀಳುವ ಪಕ್ಕಕ್ಕೆ ಯಾವಾಗಲೂ ಒಂದು ಹೆಜ್ಜೆ ಮುಂದಿರುವ ಅನುಕೂಲ. ಸಾವಿರ ಆಟಗಳಲ್ಲಿ ಸುಮಾರು 515 ಸಲ ಆ ಪಕ್ಕವೂ 485 ಸಲ ಇನ್ನೊಂದು ಪಕ್ಕವೂ ಗೆಲ್ಲುತ್ತವೆ.

ತೋಟದಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೂ ಈ ಲೆಕ್ಕ ಕ್ಯಾಸಿನೋದವರಿಗೆ ಗೊತ್ತು. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ಮಾಡಿ, ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೂ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಕ್ಕೂ ಪರವಾನಗಿ ಕೊಟ್ಟರು. ಅಲ್ಲಿಯ ಹಸಿರು ಮೇಜಿನ ಮೇಲೆ ನಮ್ಮ ಚಾಪೆಯ ಆಟವೂ ಹೋಗಿ ಕೂತಿತು. ಸಾಮಾನ್ಯವಾಗಿ ಕ್ಯಾಸಿನೋದಲ್ಲಿ ಚುಕ್ತಾ ಹೀಗೆ: ಮೊದಲ ಎಲೆ ಬೀಳುವ ಪಕ್ಕಕ್ಕೆ ನೂರು ಕಟ್ಟಿ ಗೆದ್ದರೆ 90 ಲಾಭ, ಇನ್ನೊಂದು ಪಕ್ಕಕ್ಕೆ ಕಟ್ಟಿ ಗೆದ್ದರೆ ಪೂರಾ ನೂರು. ನೋಡಲು ನ್ಯಾಯವಾಗಿಯೇ ಇದೆ. ಗುಣಿಸಿ ನೋಡಿ. ಮೊದಲ ಪಕ್ಕಕ್ಕೆ ಸಾವಿರ ಸಲ ಕಟ್ಟಿದವನಿಗೆ 515 ಗೆಲುವಿನಿಂದ 46,350 ರೂಪಾಯಿ ಬರುತ್ತದೆ, 485 ಸೋಲಿನಿಂದ 48,500 ಹೋಗುತ್ತದೆ. ನಷ್ಟ 2,150. ಇನ್ನೊಂದು ಪಕ್ಕದವನಿಗೆ 48,500 ಬರುತ್ತದೆ, 51,500 ಹೋಗುತ್ತದೆ. ನಷ್ಟ 3,000. ಒಳಗೋ ಹೊರಗೋ ಎಂದು ತಲೆ ಕೆಡಿಸಿಕೊಂಡು ಆರಿಸಿದ್ದೇ ಬಂತು, ಎರಡೂ ದಾರಿ ಮೇಜಿನ ಯಜಮಾನನ ಮನೆಗೇ ಹೋಗುತ್ತವೆ.

ಇನ್ನೊಂದು ಆಸೆಯನ್ನೂ ಅಲ್ಲಿ ತೋರಿಸುತ್ತಾರೆ. ಎಷ್ಟನೆಯ ಎಲೆಗೆ ಆಟ ಮುಗಿಯುತ್ತದೆ ಎಂದು ಬೇರೆ ಪಣ. 41ನೆಯ ಎಲೆಯವರೆಗೋ ಅದರಾಚೆಗೋ ಹೋದರೆ ಕೆಲವು ಕಡೆ ಒಂದಕ್ಕೆ 120 ಕೊಡುತ್ತಾರೆ. ನೂರು ಕಟ್ಟಿದರೆ ಹನ್ನೆರಡು ಸಾವಿರ! ಆದರೆ ಅಷ್ಟು ದೂರ ಹೋಗುವ ಆಟ ಸುಮಾರು 126ಕ್ಕೆ ಒಂದು. ಒಂದು ಸಲ 12,000 ಪಡೆಯುವುದಕ್ಕೆ 125 ಸಲ ನೂರು ನೂರು, ಅಂದರೆ 12,500 ಕಳೆದಿರಬೇಕು. ಆ ಹನ್ನೆರಡು ಸಾವಿರ ಗೆದ್ದ ಸಂಜೆಯ ಕಥೆಯನ್ನು ಮನುಷ್ಯ ವರ್ಷಗಟ್ಟಲೆ ಹೇಳುತ್ತಾನೆ, ಉಳಿದ 125 ಸಂಜೆಗಳ ಸುದ್ದಿ ಎತ್ತುವುದಿಲ್ಲ.

ಸರಕಾರ ಸುಮ್ಮನಿತ್ತೇ ಎಂದು ಕೇಳಬಹುದು. ಇರಲಿಲ್ಲ. ನಮ್ಮ ರಾಜ್ಯದಲ್ಲಿ ಜೂಜಿನ ಕಾನೂನು 1963ರ ಪೊಲೀಸ್ ಕಾಯ್ದೆಯಲ್ಲಿದೆ. ಆಗ ಅದು ಮೈಸೂರು ಪೊಲೀಸ್ ಕಾಯ್ದೆ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ. ಜೂಜುಕಟ್ಟೆ ನಡೆಸುವವನಿಗೆ 79ನೆಯ ಕಲಂ, ಅಲ್ಲಿ ಆಡುವವನಿಗೆ 80ನೆಯ ಕಲಂ, ಬೀದಿ ಬಯಲಿನಲ್ಲಿ ಆಡುವವನಿಗೆ 87ನೆಯ ಕಲಂ. ಕಾನೂನು ಜೂಜುಕಟ್ಟೆ ಎಂದು ಯಾವುದನ್ನು ಕರೆಯುತ್ತದೆ ಗಮನಿಸಿ. ಜಾಗದ ಒಡೆಯನೋ ನಡೆಸುವವನೋ ಲಾಭ ಮಾಡಿಕೊಳ್ಳಲೆಂದು ಆಟದ ಸಾಮಾನು ಇಟ್ಟುಕೊಂಡ ಸ್ಥಳ ಅದು. ಹೀರುವವನು ಯಾರು ಎಂಬುದು ಕಾನೂನಿಗೂ ಗೊತ್ತಿತ್ತು ಎಂದಾಯಿತು. ಜಾಣ್ಮೆಯ ಆಟಗಳಿಗೆ 176ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ರಮ್ಮಿಯನ್ನು ಜಾಣ್ಮೆ ಮೇಲುಗೈಯಾದ ಆಟವೆಂದು ಹೇಳಿತು; ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು ಎಂಬುದು ಅದಕ್ಕೆ ಕಾರಣ. ಮೂರೆಲೆಯಾಟವನ್ನು ಅದೃಷ್ಟದ ಸಾಲಿಗೇ ಸೇರಿಸಿತು. ಯೋಚನೆಗೆ ಜಾಗವೇ ಇಲ್ಲದ ಅಂದರ್ ಬಾಹರ್ ಯಾವ ಸಾಲಿನದು ಎಂದು ಬೇರೆ ಹೇಳಬೇಕಾಗಿಲ್ಲ.

ಇದು ಆಡಿ ಸಿಕ್ಕಿಬಿದ್ದವರ ಕಾನೂನು. ನಮಗೆ ಹೆಚ್ಚು ಬೇಕಾದದ್ದು ಇನ್ನೊಂದು; ಅದನ್ನು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಂ. ಪಣ ಕಟ್ಟುವ ಕರಾರು ಅನೂರ್ಜಿತ, ಪಣದಲ್ಲಿ ಗೆದ್ದೆನೆಂದು ಹೇಳಿ ಹಣಕ್ಕಾಗಿ ಯಾರೂ ದಾವಾ ಹೂಡುವಂತಿಲ್ಲ ಎನ್ನುತ್ತದೆ ಅದು. ಕುದುರೆ ಜೂಜಿನ ಕೆಲವು ಬಹುಮಾನಗಳಿಗೆ ಮಾತ್ರ ಒಂದು ಸಣ್ಣ ವಿನಾಯಿತಿ. ಅಂದರೆ ಜೂಜಿನಲ್ಲಿ ಸೋತು ಬಾಕಿ ಉಳಿಸಿಕೊಂಡ ಹಣ ನ್ಯಾಯಾಲಯದ ಕಣ್ಣಿನಲ್ಲಿ ಸಾಲವೇ ಅಲ್ಲ. ಸುಪ್ರೀಂ ಕೋರ್ಟು 1959ರಲ್ಲಿ ಇದರ ಗಡಿಯನ್ನೂ ಗುರುತಿಸಿತು: ಪಣದ ಕರಾರು ಅನೂರ್ಜಿತವಾದ ಮಾತ್ರಕ್ಕೆ ಅದರ ಸುತ್ತಲಿನ ಬೇರೆ ಕರಾರುಗಳೆಲ್ಲ ತಾವಾಗಿಯೇ ಬಿದ್ದುಹೋಗುವುದಿಲ್ಲ. ಆದ್ದರಿಂದಲೇ ಬಾಕಿ ಕೇಳಲು ಬಂದವರು ಕೈಸಾಲ ತೆಗೆದುಕೊಂಡಂತೆ ನೋಟು ಬರೆದುಕೊಡಿ ಎನ್ನುತ್ತಾರೆ. ಸಾಲದ ಕಾಗದ ಹುಟ್ಟಿತೆಂದರೆ ಅದು ಜೂಜಿನ ಬಾಕಿ ಎಂದು ಸಾಧಿಸುವ ಭಾರ ಬರೆದುಕೊಟ್ಟವರ ತಲೆಗೆ ಬರುತ್ತದೆ. ಅಂಥ ಕಾಗದಕ್ಕೆ ವಕೀಲರನ್ನು ಕೇಳದೆ ಯಾವ ಹೆಂಗಸೂ ರುಜು ಹಾಕಬಾರದು, ಸಾಕ್ಷಿಯಾಗಿಯೂ ಹಾಕಬಾರದು.

ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳ ತಾಯಿ ಒಂದು ದಿನ ಶಾಲೆಗೆ ಬಂದಿದ್ದರು. ಮಗಳನ್ನು ಪ್ರವಾಸಕ್ಕೆ ಕಳಿಸಲಾಗುವುದಿಲ್ಲ ಎಂದು ಹೇಳುವುದಕ್ಕೆ. ಕಿವಿಯಲ್ಲಿ ಓಲೆಯ ಬದಲು ಬೇವಿನ ಕಡ್ಡಿ ಇತ್ತು. ನಾನು ನೋಡಿದ್ದನ್ನು ನೋಡಿ ಅವರೇ ಹೇಳಿದರು, "ಯಜಮಾನರದು ಮಾತಿನ ಸಾಲ ಟೀಚರ್, ತೀರಿಸದಿದ್ದರೆ ಮರ್ಯಾದೆ ಹೋಗುತ್ತದೆ." ಅಂಗಡಿಯ ಸಾಲ, ಶಾಲೆಯ ಫೀಜು, ಹಾಲಿನವನ ಬಾಕಿ ತಿಂಗಳುಗಟ್ಟಲೆ ನಿಂತಿದ್ದವು. ಅವುಗಳಿಗೆ ಮರ್ಯಾದೆಯ ಪ್ರಶ್ನೆ ಇರಲಿಲ್ಲ. ಯಾವ ನ್ಯಾಯಾಲಯವೂ ಕೇಳದ ಬಾಕಿಯೊಂದು ಎಲ್ಲ ಬಾಕಿಗಳನ್ನೂ ಹಿಂದೆ ತಳ್ಳಿ ಮೊದಲು ಬಂದು, ಓಲೆಯನ್ನು ಬಿಚ್ಚಿಸಿಕೊಂಡು ಹೋಗಿತ್ತು.

ಮಾತು ಎಂದಾಗ ನಮ್ಮ ಊರಿನ ಕಥೆಯೇ ನೆನಪಾಗುತ್ತದೆ. ಸಖರಾಯಪಟ್ಟಣ ರುಕ್ಮಾಂಗದ ರಾಜನ ರಾಜಧಾನಿಯಾಗಿತ್ತು ಎಂದು ಐತಿಹ್ಯ. ಶಕುನಗಿರಿಯ ಕಡೆ ಅಯ್ಯನಕೆರೆ ಇದೆಯಲ್ಲ, ಅದನ್ನೂ ಅವನ ಹೆಸರಿಗೇ ಹಚ್ಚುತ್ತಾರೆ. ಆ ರಾಜ ಮೋಹಿನಿಗೆ ಕೇಳಿದ್ದನ್ನು ಕೊಡುತ್ತೇನೆಂದು ಮಾತು ಕೊಟ್ಟ. ಅವಳು ಏಕಾದಶಿಯ ದಿನ ಊಟ ಮಾಡು, ಇಲ್ಲವೇ ಮಗನ ತಲೆ ಕೊಡು ಎಂದಳು. ವ್ರತವನ್ನೂ ಮಾತನ್ನೂ ಉಳಿಸಿಕೊಳ್ಳಲು ರಾಜ ಮಗನ ಮೇಲೆ ಕತ್ತಿ ಎತ್ತಿದ. ದೇವರು ಬಂದು ತಡೆದ. ಹರಿಕಥೆಯಲ್ಲಿ ಈ ಭಾಗ ಬಂದಾಗ ಕಣ್ಣೀರು ಹಾಕದವರಿಲ್ಲ. ಮಾತು ಕೊಟ್ಟವನು ಒಬ್ಬ, ಕುತ್ತಿಗೆ ಒಡ್ಡಬೇಕಾದವನು ಇನ್ನೊಬ್ಬ, ಒಪ್ಪಿಗೆ ಕೊಡಬೇಕಾದವಳು ರಾಣಿ ಸಂಧ್ಯಾವಳಿ. ಅದು ವ್ರತದ ಕಥೆ, ಅಲ್ಲಿ ತಡೆಯಲು ದೇವರಿದ್ದ. ಎಲೆಯಾಟದ ಮಾತಿಗೆ ಅಂಥ ದೇವರು ಬರುವುದಿಲ್ಲ. ಮನೆಯವರೇ ತಡೆಯಬೇಕು.

ತಡೆದ ಹೆಂಗಸರು ನಮ್ಮ ಕಾವ್ಯಗಳಲ್ಲಿ ಇಲ್ಲವೇ? ಇದ್ದಾರೆ. ಕನಕದಾಸರ ನಳಚರಿತ್ರೆಯಿಂದ ನಾವೆಲ್ಲ ಬಲ್ಲ ದಮಯಂತಿಯನ್ನು ನೋಡಿ. ಮೂಲ ಭಾರತದ ಕಥೆಯಲ್ಲಿ ಗಂಡ ಸೋಲುತ್ತಲೇ ಇದ್ದಾನೆ, ಯಾರ ಮಾತೂ ಕಿವಿಗೆ ಹೋಗುತ್ತಿಲ್ಲ ಎಂದು ಕಂಡುಕೊಂಡ ಕೂಡಲೇ ಅವಳು ಸಾರಥಿಯನ್ನು ಕರೆಸಿ, ಮಕ್ಕಳಿಬ್ಬರನ್ನು ರಥದಲ್ಲಿ ಕೂರಿಸಿ ತವರಿಗೆ ಕಳಿಸಿಬಿಡುತ್ತಾಳೆ. ಆಗಿನ್ನೂ ರಾಜ್ಯ ಪೂರ್ತಿ ಹೋಗಿರಲಿಲ್ಲ. ಎಲ್ಲ ಹೋದ ಮೇಲೆ ಅಳುವುದಕ್ಕಿಂತ, ಹೋಗುವುದಕ್ಕೆ ಮೊದಲು ಉಳಿಸಬೇಕಾದ್ದನ್ನು ಉಳಿಸಿದಳು. ಪತಿವ್ರತೆಯರ ಪಟ್ಟಿಯಲ್ಲಿ ಅವಳ ಹೆಸರು ಹೇಳುವ ನಾವು ಈ ಜಾಣತನವನ್ನೂ ಹೆಣ್ಣುಮಕ್ಕಳಿಗೆ ಹೇಳಬೇಕು.

ದ್ರೌಪದಿಯಂತೂ ಪಣ ಚುಕ್ತಾ ಮಾಡುವ ನಿಯಮವನ್ನೇ ಹಿಡಿದಳು. ಸಭೆಗೆ ಎಳೆತರಲು ಬಂದವರಿಗೆ ಅವಳು ಕೇಳಿದ ಪ್ರಶ್ನೆ ಅಳುವಿನದಲ್ಲ, ಲೆಕ್ಕದ್ದು. ಯುಧಿಷ್ಠಿರ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನಂಥ ಭೀಷ್ಮ ಧರ್ಮ ಸೂಕ್ಷ್ಮ ಎಂದು ತಡವರಿಸಿದ. ಕೌರವರಲ್ಲಿ ಚಿಕ್ಕವನಾದ ವಿಕರ್ಣ ಮಾತ್ರ ಎದ್ದು ನಿಂತು ಅವಳನ್ನು ಸೋತಂತೆ ಆಗಲಿಲ್ಲ ಎಂದ. ಕೊನೆಗೆ ಧೃತರಾಷ್ಟ್ರ ವರ ಕೊಡುತ್ತೇನೆ ಎಂದಾಗ ಅವಳು ಎರಡೇ ವರಗಳಲ್ಲಿ ಐವರು ಗಂಡಂದಿರನ್ನೂ ಅವರ ಆಯುಧಗಳನ್ನೂ ಬಿಡಿಸಿಕೊಂಡಳು. ಮೂರನೆಯದು ಬೇಡ ಎಂದಳು. ಸೋತದ್ದೆಲ್ಲ ಹಿಂದಕ್ಕೆ ಬಂತು. ಆಮೇಲೆ ಏನಾಯಿತು? ದಾರಿಯಲ್ಲಿ ಹೋಗುತ್ತಿದ್ದವನನ್ನು ಮತ್ತೆ ಆಟಕ್ಕೆ ಕರೆದರು, ಧರ್ಮರಾಯ ಮತ್ತೆ ಹೋಗಿ ಕೂತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತವಾಸ. ಹೆಂಡತಿ ಒಂದು ಸಲ ಸಾಲ ತೀರಿಸಿ ಬಿಡಿಸಿದ ಮಾತ್ರಕ್ಕೆ ಆಟ ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ? ಓಲೆ ಬಿಚ್ಚಿಕೊಡುವ ಮುಂಚೆ ಈ ಎರಡನೆಯ ಆಟವನ್ನು ನೆನೆಯಬೇಕು.

ದ್ರೌಪದಿಯ ಪ್ರಶ್ನೆಗೆ ಸಭೆ ಕೊಡದ ಉತ್ತರವನ್ನು ನಮ್ಮ ಕಾಲದ ಕಾನೂನು ಕೊಟ್ಟಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮಿನ ಪ್ರಕಾರ ಹೆಣ್ಣಿನ ಸ್ವತ್ತಿಗೆ ಅವಳೇ ಪೂರ್ಣ ಒಡತಿ. 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯದೇ ಎಂದು ಸ್ಪಷ್ಟಪಡಿಸಿತು. ಗಂಡನ ಮನೆಯಲ್ಲಿ ಅದು ಇರುವುದು ನಂಬಿ ಇಟ್ಟ ಒಡವೆಯ ಹಾಗೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸ್ತ್ರೀಧನವನ್ನು ಹಾಗೆ ಕರಗಿಸುವುದನ್ನು ಆರ್ಥಿಕ ದೌರ್ಜನ್ಯವೆಂದೇ ಹೆಸರಿಸಿದೆ. ಪಣಕ್ಕಿಡುವ ಹಕ್ಕು ಅವನಿಗಿಲ್ಲ ಎಂಬುದು ಈಗ ಬರೆದಿಟ್ಟ ಮಾತು.

ಆಟ ಮಾತ್ರ ಜಾಗ ಬದಲಿಸಿದೆ. ತೋಟದಿಂದ ಹಡಗಿಗೆ ಹೋದದ್ದು ಅಲ್ಲಿಂದ ಮೊಬೈಲಿಗೆ ಬಂತು. ಕ್ಯಾಮೆರಾದ ಮುಂದೆ ಎಲ್ಲೋ ಕೂತ ಹುಡುಗಿ ಎಲೆ ಹಾಕುತ್ತಾಳೆ, ಇಲ್ಲಿ ಹೊದಿಕೆಯೊಳಗೆ ಹುಡುಗ ಹಣ ಕಟ್ಟುತ್ತಾನೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಪಣವನ್ನು ತಡೆಯಲು ಹೊರಟಿತು. ಜಾಣ್ಮೆಯ ಆಟಗಳನ್ನೂ ಸೇರಿಸಿತೆಂಬ ಕಾರಣಕ್ಕೆ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಜಾಣ್ಮೆಯದೋ ಅದೃಷ್ಟದ್ದೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಆಡುವವರಿಗಿಂತ ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ ಅದರಲ್ಲಿ ಶಿಕ್ಷೆ. ಆದರೂ ಮೊಬೈಲಿನ ಆಟದಲ್ಲಿ ಚಾಪೆಯ ಆಟಕ್ಕಿಂತ ಒಂದು ಅಪಾಯ ಹೆಚ್ಚು. ತೋಟದಲ್ಲಿ ಆಡುತ್ತಿದ್ದವನು ರಾತ್ರಿ ಮನೆಗೆ ಬರುತ್ತಿರಲಿಲ್ಲ, ಆಗಲೇ ನಮಗೆ ತಿಳಿಯುತ್ತಿತ್ತು. ಈಗ ಅವನು ಮನೆಯಲ್ಲೇ, ನಮ್ಮ ಪಕ್ಕದಲ್ಲೇ ಕೂತಿರುತ್ತಾನೆ. ಹಾಗಾಗಿ ಬ್ಯಾಂಕಿನ ಪಾಸ್‌ಬುಕ್ಕು ತಿಂಗಳಿಗೊಮ್ಮೆಯಾದರೂ ಹೆಂಗಸಿನ ಕೈಗೆ ಬರಬೇಕು. ಒಡವೆ ಅಡ ಇಡುವುದಾದರೆ ಅವಳ ಹೆಸರಿನಲ್ಲಿ, ಅವಳ ಎದುರಿನಲ್ಲಿ, ಏತಕ್ಕೆಂದು ತಿಳಿದ ಮೇಲೆ.

ಮುಂದಿನ ದೀಪಾವಳಿಗೆ ಮಕ್ಕಳನ್ನು ಕೂರಿಸಿಕೊಂಡು ಹುಣಸೆಬೀಜ ಇಟ್ಟು ಅಂದರ್ ಬಾಹರ್ ಆಡಿಸಿ ನೋಡಿ ಎಂದೇ ನಾನು ಹೇಳುತ್ತೇನೆ. ಪ್ರತಿ 20 ಬೀಜಕ್ಕೆ ಒಂದನ್ನು ನೀವು ತೆಗೆದು ಸೆರಗಿನಲ್ಲಿ ಕಟ್ಟಿಕೊಳ್ಳಿ. ಸ್ವಲ್ಪ ಹೊತ್ತಿಗೆ ಮಕ್ಕಳೇ ಕೇಳುತ್ತಾರೆ, "ಅಮ್ಮಾ, ಬೀಜ ಎಲ್ಲ ಎಲ್ಲಿ ಹೋಯಿತು?" ಆಗ ಸೆರಗು ಬಿಚ್ಚಿ ತೋರಿಸಿ.